ಗುಬ್ಬಿ ಕಡಿಮೆಯಾಗಲು ಟವರ್ ಒಂದೇ ಕಾರಣವೇ?

(ಆಳಂದ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ನಮ್ಮ ಓಣಿಯಲ್ಲಿ ಮೊಬೈಲ್ ಟವರ್ ಎದ್ದ ಮೇಲೆ ಗುಬ್ಬಿಗಳು ಮಾಯವಾದವು. ನಿಮ್ಮ ಲೇಖನ ಮನೆ, ಹೊಲ, ಕೀಟನಾಶಕ ಎಂದು ಸುತ್ತಾಡಿತೇ ಹೊರತು ನಿಜವಾದ ಅಪರಾಧಿಯ ಹೆಸರು ಹೇಳಲಿಲ್ಲ. ಕಂಪನಿಗಳ ಹೆದರಿಕೆಯೇ?")

ಗುರುಗಳಿಗೆ ನಮಸ್ಕಾರ.

ಹೆದರಿಕೆಯಿಲ್ಲ. ತಾವು ಕಂಡದ್ದರ ಬಗ್ಗೆ ಅನುಮಾನವೂ ಇಲ್ಲ. ಟವರ್ ಬಂದದ್ದು ನಿಜ, ಗುಬ್ಬಿ ಹೋದದ್ದೂ ನಿಜ. ಆದರೆ ಅದೇ ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಇನ್ನೂ ಏನೇನು ಹೋಯಿತು ಎಂಬುದನ್ನು ನೆನಪಿಸಿಕೊಳ್ಳಿ. ಮಣ್ಣಿನ ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿಸಿದೆವು. ಜಂತಿಯ ಸಂದು, ಗೋಡೆಯ ಮಾಡ ಹೋದವು. ರಾಶಿ ಯಂತ್ರ ಹೊಲಕ್ಕೇ ಬಂದು ಕಣ ಹೋಯಿತು. ಜೋಳದ ಹೊಲ ಕುಗ್ಗಿ ತೊಗರಿ ಹಬ್ಬಿತು. ಇಷ್ಟರ ನಡುವೆ ಟವರನ್ನಷ್ಟೇ ಹಿಡಿದು ನಿಲ್ಲಿಸುವುದು ಹೇಗೆ?

ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸ್ ಉದ್ಯಾನದ ಲೆಕ್ಕ ನೋಡಿ. ಅಲ್ಲಿ 1925ರಲ್ಲಿ 2,603 ಗುಬ್ಬಿಗಳಿದ್ದವು. 1948ರಲ್ಲಿ 885, 1975ರಲ್ಲಿ 544, 2000ದಲ್ಲಿ ಬರೀ 8. ಬ್ರಿಟನ್ನಿನಲ್ಲಿ ಮೊಬೈಲ್ ಸೇವೆ ಶುರುವಾದದ್ದು 1985ರಲ್ಲಿ. ಕೊನೆಯ ಐದುನೂರರ ವಿಷಯದಲ್ಲಿ ಟವರನ್ನೂ ವಿಚಾರಣೆಗೆ ಕರೆಯೋಣ. ಅದಕ್ಕೂ ಮೊದಲೇ ಕಾಣೆಯಾದ ಎರಡು ಸಾವಿರಕ್ಕೆ ಯಾರನ್ನು ಕೇಳುವುದು?

ಎಚ್ಚರಿಕೆ ಬೇಡ ಎಂದು ನಾನು ಹೇಳುತ್ತಿಲ್ಲ. ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ನೇಮಿಸಿದ ತಜ್ಞರ ಸಮಿತಿಯೂ ಟವರ್‌ಗಳ ವಿಷಯದಲ್ಲಿ ಎಚ್ಚರ ವಹಿಸಬೇಕೆಂದಿತು, ಭಾರತದಲ್ಲಿ ಇಂಥ ಅಧ್ಯಯನಗಳು ತೀರಾ ಕಡಿಮೆ ಎಂದೂ ಹೇಳಿತು. ಆದರೆ ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ ಬೇರೆಯೇ ಪ್ರಶ್ನೆ ಎತ್ತುತ್ತದೆ. ದೀರ್ಘಕಾಲದ ಏರಿಳಿತ ಅಳೆಯಲು ಸಾಧ್ಯವಾದ 338 ಜಾತಿಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ. ಅದೇ ಟವರ್‌ಗಳ ನಡುವೆ ಕೋಗಿಲೆ ಮತ್ತು ನವಿಲು ಹೆಚ್ಚಿವೆ. ಬಯಲು, ಕುರುಚಲಿನಲ್ಲಿ ಬದುಕುವ ದೊಡ್ಡ ಬೂದು ಕಳಿಂಗ ಹಕ್ಕಿ ಶೇ 80ಕ್ಕೂ ಹೆಚ್ಚು ಕುಸಿದಿದೆ. ಬೀದರ್, ಕಲಬುರಗಿ ಕಡೆಯ ಗಾಯರಾಣಗಳು (ದನ ಮೇಯುವ ಗೋಮಾಳಗಳು) ಒತ್ತುವರಿಯಾಗುವುದನ್ನು ಕಣ್ಣಾರೆ ಕಂಡವರಿಗೆ ಈ ಅಂಕಿ ನೋಡಿದರೆ ಎದೆ ಭಾರವಾಗುತ್ತದೆ.

ಇನ್ನು ನಮ್ಮ ತೊಗರಿ. ಗುಬ್ಬಿ ಕಾಳು ತಿಂದು ಬದುಕುತ್ತದೆ, ನಿಜ. ಆದರೆ ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ಮರಿಗೆ ಮೆತ್ತನೆಯ ಹುಳುವೇ ಬೇಕು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಧ್ಯಯನ ಮಾಡಿದವರು ಕಂಡದ್ದು ಇದನ್ನೇ: ಹುಳು ಸಿಗದ ಕಡೆ ಮರಿಗಳು ಗೂಡಿನಲ್ಲೇ ಸತ್ತವು. ತೊಗರಿ ಹೂವಾಡುವ ಹೊತ್ತಿಗೆ ನಾವು ಕಾಯಿಕೊರಕದ ಮೇಲೆ ಸುತ್ತು ಸುತ್ತಾಗಿ ಎಣ್ಣೆ (ಕೀಟನಾಶಕ) ಹೊಡೆಯುತ್ತೇವೆ. ಆ ಹುಳುವನ್ನು ಹಕ್ಕಿಗಳೇ ಹೆಕ್ಕಲಿ ಎಂದು ಹೊಲದಲ್ಲಿ ಕವಲುಕಡ್ಡಿ ನೆಡಲು ಕೃಷಿ ತಜ್ಞರು ಹೇಳುತ್ತಲೇ ಬಂದಿದ್ದಾರೆ. ಕಡ್ಡಿ ನೆಟ್ಟು ಕರೆದ ಕೈಯೇ ವಿಷ ಸಿಂಪಡಿಸಿದರೆ ಹಕ್ಕಿ ಏನು ಮಾಡಬೇಕು? ನನ್ನ ಶಂಕೆ ಟವರಿಗಿಂತ ಹೆಚ್ಚಾಗಿ ಇಲ್ಲಿದೆ. ಶಂಕೆ ಎಂದೇ ಹೇಳುತ್ತೇನೆ, ತೀರ್ಪು ಎನ್ನುವುದಿಲ್ಲ.

ತೀರ್ಪು ಕೊಡುವ ಬಗೆಯನ್ನು ರಣಹದ್ದುಗಳ ವಿಷಯದಲ್ಲಿ ನೋಡಿದ್ದೇವೆ. ಅವು ರಾಶಿರಾಶಿಯಾಗಿ ಸಾಯುತ್ತಿದ್ದಾಗ ಸೋಂಕು ರೋಗವಿರಬೇಕು ಎಂದೇ ಹಲವರು ನಂಬಿದ್ದರು. ಸತ್ತ ಹದ್ದುಗಳ ಮೂತ್ರಪಿಂಡದಲ್ಲಿ ದನಗಳಿಗೆ ಕೊಡುವ ನೋವುನಿವಾರಕ ಡೈಕ್ಲೋಫೆನಾಕ್ ಸಿಕ್ಕಿತು. ಅದನ್ನೇ ಉಣಿಸಿದ ಹದ್ದುಗಳೂ ಅದೇ ರೀತಿ ಸತ್ತವು. 2004ರಲ್ಲಿ ಅದು ಪ್ರಕಟವಾಯಿತು, 2006ರಲ್ಲಿ ಭಾರತ ದನಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿತು. ಸೋಂಕು ಎಂಬ ಊಹೆಗೇ ಜೋತುಬಿದ್ದಿದ್ದರೆ ಆ ನಿಷೇಧ ಬರುತ್ತಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಒಂದು ಕೋರಿಕೆ. ತಮ್ಮೂರಲ್ಲಿ ಮಾಳಿಗೆ ಮನೆಗಳು ಉಳಿದಿರುವ ಓಣಿಯೊಂದನ್ನು, ಪೂರ್ತಿ ಆರ್‌ಸಿಸಿ ಆಗಿರುವ ಓಣಿಯೊಂದನ್ನು ಆರಿಸಿಕೊಳ್ಳಿ. ಟವರಿನಿಂದ ಎರಡೂ ಸಮದೂರದಲ್ಲಿರಲಿ. ಶಾಲೆಯ ಮಕ್ಕಳನ್ನು ಜೊತೆಗೆ ಕರೆದುಕೊಂಡು ಬೆಳಿಗ್ಗೆ ಗುಬ್ಬಿಗಳನ್ನು ಎಣಿಸಿ, ಹತ್ತಿರದ ಹೊಲಗಳಲ್ಲಿ ಎಣ್ಣೆ ಹೊಡೆದ ದಿನಗಳನ್ನೂ ಗುರುತು ಮಾಡಿ ಕಳಿಸಿ. ಲೆಕ್ಕ ತಮ್ಮ ಮಾತನ್ನೇ ಎತ್ತಿಹಿಡಿದರೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ