ದೇವಿಮನೆ ಘಟ್ಟದಲ್ಲಿ ಆಕ್ಸಿಲರೇಟರ್ ಬಿಟ್ಟರೆ ‘ಟುಟುಟು’ ಸದ್ದು: ಟರ್ಬೊ ಹೋಯಿತಾ?

ಹೋಗಿರಲಿಕ್ಕಿಲ್ಲ. ಮೆಕ್ಯಾನಿಕ್ ಹೇಳಿದ ಅಂತ ಈಗಲೇ ಹೊಸ ಟರ್ಬೊಗೆ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ) ದುಡ್ಡು ಸುರಿಯಬೇಡಿ ಮಾರಾಯ್ರೆ, ಒಂದು ವಾರ ತಡೆಯಿರಿ.

ನೀವು ಬರೆದದ್ದು ಇಷ್ಟು. ಎರಡು ತಿಂಗಳ ಹಿಂದೆ ನಿಮ್ಮ ಟರ್ಬೊ ಪೆಟ್ರೋಲ್ ಗಾಡಿಗೆ, ಗಾಳಿಯನ್ನು ‘ಫುಸ್’ ಅಂತ ಹೊರಗೆ ಬಿಡುವ ಬ್ಲೋ-ಆಫ್ ವಾಲ್ವ್ ಹಾಕಿಸಿದ್ದೀರಿ. ಈಗ ಕುಮಟಾದಿಂದ ಘಟ್ಟ ಹತ್ತುವಾಗ ತಿರುವಿನಲ್ಲಿ ಕಾಲು ತೆಗೆದರೆ ಪಾರಿವಾಳ ರೆಕ್ಕೆ ಬಡಿದ ಹಾಗೆ ಸದ್ದು. ಶಿರಸಿ ಪೇಟೆಯಲ್ಲಿ ಕ್ಲಚ್ ಒತ್ತಿ ನಿಲ್ಲಿಸಲು ಹೋದರೆ ಎಂಜಿನ್ ಬಂದ್ ಬೀಳುತ್ತದೆ. ಸೈಲೆನ್ಸರ್ ಬಾಯಿ ಮಸಿ. ಇದು ಒಂದೇ ರೋಗ ಅಲ್ಲ, ಎರಡು.

ನಾನು ಮೆಕ್ಯಾನಿಕ್ ಅಲ್ಲ. ಶಿರಸಿ ಹತ್ತಿರ ಅಡಿಕೆ ತೋಟ ಮಾಡಿಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್ ಟರ್ಬೊ ಗಾಡಿಯೊಂದರ ಜೊತೆ ಒಂದು ಮಳೆಗಾಲ ಪೂರ್ತಿ ಒದ್ದಾಡಿದ್ದೇನೆ, ಅಷ್ಟೇ.

ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯುವ ಪಂಪ್ ನೋಡಿದ್ದೀರಲ್ವಾ? ಅಡಿಕೆ ಮರ ಹತ್ತುವ ಕೊನೆಗೌಡ ತುದಿಯಲ್ಲಿ ಗನ್ ಬಂದ್ ಮಾಡಿದರೂ ಕೆಳಗೆ ಪಂಪ್ ಓಡುತ್ತಲೇ ಇರುತ್ತದೆ. ಆಗ ಔಷಧಿ ರಿಟರ್ನ್ ಪೈಪಿನಲ್ಲಿ ವಾಪಸ್ ಡ್ರಮ್ಮಿಗೆ ಬೀಳುತ್ತದೆ. ಆ ದಾರಿ ಕಟ್ಟಿದರೆ ಪೈಪೆಲ್ಲ ಒದ್ದಾಡುತ್ತದೆ. ಟರ್ಬೊ ಕಥೆಯೂ ಇದೇ. ನೀವು ಕಾಲು ತೆಗೆದಾಗ ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಮುಚ್ಚಿಕೊಳ್ಳುತ್ತದೆ. ಆದರೆ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಜಾಸ್ತಿ ತಿರುಗುವ ಚಕ್ರ ಅಷ್ಟು ಬೇಗ ನಿಲ್ಲುವುದಿಲ್ಲ. ಒತ್ತಿದ ಗಾಳಿಗೆ ಮುಂದೆ ದಾರಿ ಇಲ್ಲ. ಅದು ಚಕ್ರದ ಮೂಲಕವೇ ಹಿಂದಕ್ಕೆ ನುಗ್ಗುತ್ತದೆ, ಚಕ್ರ ಮತ್ತೆ ಮುಂದಕ್ಕೆ ತಳ್ಳುತ್ತದೆ. ಈ ತಳ್ಳಾಟವೇ ಟುಟುಟು. ಕಂಪ್ರೆಸರ್ ಸರ್ಜ್ ಅನ್ನುವುದು ಇದಕ್ಕೇ. ಅಂದರೆ ನಿಮ್ಮ ವಾಲ್ವ್ ತೆರೆಯುತ್ತಿಲ್ಲ, ಅಥವಾ ತಡವಾಗಿ, ಅರ್ಧ ತೆರೆಯುತ್ತಿದೆ.

ಎಲ್ಲರೂ ವಾಲ್ವನ್ನೇ ಬೈಯುತ್ತಾರೆ. ನಾನು ಮೊದಲು ನೋಡುವುದು ಅದರ ತಲೆಗೆ ಹೋಗುವ ಸಣ್ಣ ಪೈಪು. ಕಾಲು ತೆಗೆದಾಗ, ಥ್ರಾಟಲ್ ದಾಟಿದ ಗಾಳಿಯನ್ನು ಎಂಜಿನ್ನಿಗೆ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಆಗುತ್ತದೆ. ಆ ಎಳೆತ ಈ ಪೈಪಿನಲ್ಲಿ ಬಂದು ವಾಲ್ವನ್ನು ಮೇಲಕ್ಕೆತ್ತಬೇಕು. ಪೈಪು ಥ್ರಾಟಲ್‌ನ ಎಂಜಿನ್ ಕಡೆಯಿಂದಲೇ ಬಂದಿರಬೇಕು. ಟರ್ಬೊ ಮತ್ತು ಥ್ರಾಟಲ್ ನಡುವಿನಿಂದ ಸಿಕ್ಕಿಸಿದ್ದರೆ ವಾಲ್ವಿನ ಮೇಲೂ ಕೆಳಗೂ ಒಂದೇ ಒತ್ತಡ. ಸ್ಪ್ರಿಂಗ್ ಅದನ್ನು ಮುಚ್ಚಿಯೇ ಇಡುತ್ತದೆ. ಇನ್ನು ಅದೇ ಪೈಪಿಗೆ T ಆಕಾರದ ಜೋಡಣೆ ಹಾಕಿ ಬೂಸ್ಟ್ (ಟರ್ಬೊ ಒತ್ತಡ) ಮೀಟರಿಗೋ ಇನ್ಯಾವುದಕ್ಕೋ ಕೊಟ್ಟಿದ್ದರೆ ತೆಗೆಸಿ. ವಾಲ್ವಿಗೆ ಅದರದ್ದೇ ಒಂದು ಗಿಡ್ಡ ಪೈಪು ಬೇಕು.

ನನ್ನ ಗಾಡಿಯಲ್ಲಿ ಎರಡು ಗ್ಯಾರೇಜಿನವರು ವಾಲ್ವ್ ಬದಲಾಯಿಸಿ ಅಂದಿದ್ದರು. ಕೊನೆಗೆ ನೋಡಿದರೆ ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಅಡಿ ಬಂದು ಕೂತು ಪೈಪಿನ ತಳಭಾಗ ಕಡಿದಿತ್ತು, ಮೇಲಿನಿಂದ ಕಾಣುತ್ತಲೇ ಇರಲಿಲ್ಲ. ಅರ್ಧ ಮೀಟರ್ ಪೈಪಿಗೆ ಮುಗಿಯಿತು. ನಿಮ್ಮದು ಕಡಲ ಬದಿ ಬೇರೆ. ಉಪ್ಪುಗಾಳಿಗೆ ಕ್ಲಿಪ್ ತುಕ್ಕು ಹಿಡಿದು ಸಡಿಲ ಆಗಿರುತ್ತದೆ, ಅದನ್ನೂ ಕೈಯಲ್ಲಿ ತಿರುಗಿಸಿ ನೋಡಿ.

ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಮೆಡಿಕಲ್ ಶಾಪಿನಲ್ಲಿ 50 ಎಂಎಲ್ ಸಿರಿಂಜ್ ತನ್ನಿ. ಎಂಜಿನ್ ಆಫ್ ಮಾಡಿ, ಪೈಪಿನ ಮ್ಯಾನಿಫೋಲ್ಡ್ ಕಡೆಯ ತುದಿ ಬಿಚ್ಚಿ, ಅಲ್ಲಿಂದ ಸಿರಿಂಜಿನಲ್ಲಿ ಎಳೆಯಿರಿ. ಹತ್ತು ಸೆಕೆಂಡ್ ಹಿಡಿದು ಬಿಡಿ. ಸಿರಿಂಜಿನ ದಂಡ ತಾನಾಗೇ ಒಳಗೆ ಹೋದರೆ ಎಳೆತ ನಿಂತಿದೆ ಅಂತ ಅರ್ಥ. ಎಳೆದಲ್ಲೇ ಉಳಿದರೆ ಪೈಪು ಅಥವಾ ವಾಲ್ವಿನ ಡಯಾಫ್ರಾಮ್ (ಒಳಗಿನ ಪೊರೆ) ತೂತು. ಪಿಸ್ಟನ್ ಮಾದರಿಯ ವಾಲ್ವಾದರೆ ಸ್ವಲ್ಪ ಸೋರುವುದು ಸಹಜ. ಅದನ್ನು ಬಿಚ್ಚಿ ಒರೆಸಿ, ಚೂರು ತೆಳು ಗ್ರೀಸ್ ಸವರಿದರೆ ಎಷ್ಟೋ ಸಲ ಸರಿಯಾಗುತ್ತದೆ.

ಪೈಪು ಸರಿ ಇದ್ದರೆ ಸ್ಪ್ರಿಂಗ್ ಗಟ್ಟಿ ಇರಬಹುದು. ಪೂರ್ತಿ ಬೂಸ್ಟಿನಲ್ಲಿ ಕಾಲು ತೆಗೆದಾಗ ‘ಫುಸ್’ ಅಂತ ಬಂದು, ಅರ್ಧ ಒತ್ತಿ ತೆಗೆದಾಗ ಮಾತ್ರ ಟುಟುಟು ಆದರೆ ಅದೇ. ಅಡ್ಜಸ್ಟ್ ಸ್ಕ್ರೂ ಇದ್ದರೆ ಅದನ್ನು ಕಾಲು ಭಾಗ ಸುತ್ತು ಸಡಿಲಿಸಿ, ಓಡಿಸಿ ನೋಡಿ, ಮತ್ತೆ ಕಾಲು ಭಾಗ ಸುತ್ತು. ಪ್ರತಿ ಸಲ ಆಕ್ಸಿಲರೇಟರ್ ಒತ್ತದೆ ಎಂಜಿನ್ ಐಡಲ್‌ನಲ್ಲಿದ್ದಾಗ ವಾಲ್ವಿನ ಬಾಯಿಗೆ ಅಂಗೈ ಹಿಡಿಯಿರಿ. ಗಾಳಿ ಒಳಗೆ ಎಳೆಯುತ್ತಿದ್ದರೆ ಜಾಸ್ತಿ ಸಡಿಲ ಆಯಿತು, ಸ್ವಲ್ಪ ಬಿಗಿ ಮಾಡಿ. ಇಲ್ಲದಿದ್ದರೆ ಫಿಲ್ಟರ್ ಆಗದ ಧೂಳು ನೇರ ಒಳಗೆ. ಈ ಕೆಲಸ ಕುಮಟಾದಲ್ಲೇ ಮಾಡಿ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಐಡಲ್ ವ್ಯಾಕ್ಯೂಮ್ ಗೇಜಿನಲ್ಲಿ ಪಾದರಸದ ಲೆಕ್ಕದಲ್ಲಿ ಎರಡು ಇಂಚಿನಷ್ಟು ಕಡಿಮೆ ತೋರಿಸುತ್ತದೆ. ಇಲ್ಲಿ ಸರಿ ಅನಿಸಿದ ಸ್ಪ್ರಿಂಗ್ ಕೆಳಗೆ ಇಳಿದಾಗ ಐಡಲ್‌ನಲ್ಲೇ ಬಾಯಿ ಬಿಡಬಹುದು.

ಎಂಜಿನ್ ಬಂದ್ ಬೀಳುವುದು ಎರಡನೇ ರೋಗ. ಅದಕ್ಕೆ ಸ್ಕ್ರೂ ತಿರುಗಿಸಿ ಉಪಯೋಗ ಇಲ್ಲ. ಏರ್ ಫಿಲ್ಟರ್ ದಾಟಿದ ಕೂಡಲೇ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ನಿಮ್ಮ ಗಾಡಿಯಲ್ಲಿದ್ದರೆ, ವಾಲ್ವ್ ಹೊರಗೆ ಬಿಟ್ಟ ಗಾಳಿಯೂ ಲೆಕ್ಕಕ್ಕೆ ಸೇರಿರುತ್ತದೆ. ಕಂಪ್ಯೂಟರ್ ಇಲ್ಲದ ಗಾಳಿಗೆ ಪೆಟ್ರೋಲ್ ಹಾಕುತ್ತದೆ. ರಿಟರ್ನ್ ಪೈಪ್ ಕತ್ತರಿಸಿ ಔಷಧಿಯನ್ನು ನೆಲಕ್ಕೆ ಬಿಟ್ಟು, ಮರಕ್ಕೆ ಹೊಡೆದೆ ಅಂತ ಲೆಕ್ಕ ಬರೆದ ಹಾಗೆ. ಪೆಟ್ರೋಲ್ ಜಾಸ್ತಿ ಆಗಿ ಮಸಿ, ಮುಗ್ಗರಿಕೆ, ಬಂದ್. ಹೀಗೇ ಓಡಿಸಿದರೆ ಪ್ಲಗ್ ಕೆಡುತ್ತದೆ, ಆಮೇಲೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಬರೀ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವಂಥದ್ದು) ಇರುವ ಗಾಡಿಗಳಲ್ಲಿ ಈ ತೊಂದರೆ ಇಷ್ಟು ಇರುವುದಿಲ್ಲ. ನನ್ನ ಕೇಳಿದರೆ, ಕಂಪನಿಯ ಹಳೆ ವಾಲ್ವ್ ಎಸೆದಿಲ್ಲ ಅಂದರೆ ಅದನ್ನೇ ವಾಪಸ್ ಹಾಕಿಸಿ. ಅದು ಗಾಳಿಯನ್ನು ಟರ್ಬೊ ಬಾಯಿಗೇ ತಿರುಗಿಸುತ್ತದೆ, ಲೆಕ್ಕ ತಪ್ಪುವುದಿಲ್ಲ. ‘ಫುಸ್’ ಸದ್ದು ಹೋಗುತ್ತದೆ, ಹೋಗಲಿ ಬಿಡಿ.

ಇನ್ನೊಂದು ಸದ್ದು ಇದೆ, ಅದನ್ನು ಇದರ ಜೊತೆ ಬೆರೆಸಬೇಡಿ. ನಾಲ್ಕನೇ ಗೇರಿನಲ್ಲಿ, 1,500 ಆರ್‌ಪಿಎಂ ಸುತ್ತಮುತ್ತ, ಏರಿನಲ್ಲಿ ಪೂರ್ತಿ ಒತ್ತಿದಾಗಲೇ ‘ಗುಕ್ ಗುಕ್’ ಅಂತ ಗಾಡಿ ಜಗ್ಗಿದರೆ ಅದು ಕೆಟ್ಟದ್ದು. ಆಗ ವಾಲ್ವ್ ಮುಚ್ಚಿಯೇ ಇರುತ್ತದೆ, ಅದರ ತಪ್ಪಿಲ್ಲ. ಎಂಜಿನ್ ಕುಡಿಯುವ ಗಾಳಿ ಸ್ವಲ್ಪ, ಟರ್ಬೊ ಕೊಡುವ ಒತ್ತಡ ಜಾಸ್ತಿ. ಬೇರಿಂಗಿಗೆ ಪೆಟ್ಟು ಬೀಳುವುದು ಇದರಿಂದ. ಕೂಡಲೇ ಗೇರ್ ಇಳಿಸಿ. ಮಳೆಗೆ ಒದ್ದೆಯಾದ ಅಥವಾ ಕಟ್ಟಿದ ಏರ್ ಫಿಲ್ಟರ್, ಆತುರದ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವುದು), ಇವೆರಡನ್ನೂ ನೋಡಿಸಿ. ಕಾಲು ತೆಗೆದಾಗ ಒಂದೆರಡು ಕ್ಷಣ ಬರುವ ಸಣ್ಣ ಟುಟುಟುಗೆ ನಾನು ಅಷ್ಟು ಹೆದರುವುದಿಲ್ಲ.

ಮೆಕ್ಯಾನಿಕ್ ಟರ್ಬೊ ಹೋಗಿದೆ ಅಂತಲೇ ಹಟ ಹಿಡಿದರೆ, ಎಂಜಿನ್ ತಣ್ಣಗಾದ ಮೇಲೆ ಟರ್ಬೊ ಬಾಯಿಯ ಪೈಪು ಬಿಚ್ಚಿಸಿ ನಿಮ್ಮ ಎದುರೇ ಚಕ್ರ ಅಲ್ಲಾಡಿಸಲು ಹೇಳಿ. ಅಡ್ಡಕ್ಕೆ ಚೂರು ಅಲ್ಲಾಡುವುದು ಸಹಜ, ಅಲ್ಲಿ ಆಯಿಲ್ ತುಂಬುವ ಜಾಗ ಇರುತ್ತದೆ. ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಆಡಿದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಅವರ ಮಾತು ನಿಜ. ಪೈಪಿನೊಳಗೆ ತೆಳುವಾಗಿ ಆಯಿಲ್ ಕಂಡರೆ ಗಾಬರಿ ಬೇಡ.

ಸಿರಿಂಜ್ ಪರೀಕ್ಷೆ ಏನಾಯಿತು ಅಂತ ಬರೆಯಿರಿ. ಆ ಸಣ್ಣ ಪೈಪು ಎಲ್ಲಿಂದ ಹೊರಟಿದೆ ಅಂತ ಒಂದು ಫೋಟೊನೂ ಹಾಕಿ, ಥ್ರಾಟಲ್‌ನ ಯಾವ ಕಡೆ ಅಂತ ಕಾಣುವ ಹಾಗೆ.