ಸೀನಿಯರ್ ಮಿಷನರಿ ದಂಪತಿಯಾಗಿರುವ ಅಕ್ಕ-ಭಾವನ ಬಳಿಗೆ ಕ್ರಿಸ್‌ಮಸ್‌ಗೆ ಹೋಗಬಹುದೇ?

ನಿಮ್ಮ ಅಕ್ಕ ಮತ್ತು ಭಾವ ನಿವೃತ್ತರಾದ ಮೇಲೆ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಸಭೆಯ ಸೀನಿಯರ್ ಮಿಷನರಿ ದಂಪತಿಯಾಗಿ ಹೊರದೇಶಕ್ಕೆ ಹೋಗಿದ್ದಾರೆ, ಡಿಸೆಂಬರಿನಲ್ಲಿ ಬಂದು ಹಬ್ಬವನ್ನು ತಮ್ಮ ಜೊತೆ ಕಳೆಯಬೇಕೆಂದು ನಿಮ್ಮನ್ನು ಕರೆದಿದ್ದಾರೆ ಎಂದು ಬರೆದಿದ್ದೀರಿ. ನೀವು ಆ ಸಭೆಯವರಲ್ಲ. ಹೋದರೆ ಅವರ ಸೇವೆಗೆ ಅಡ್ಡಿಯಾಗುತ್ತದೆಯೇ, ಅಲ್ಲಿನ ಕಟ್ಟುಪಾಡುಗಳ ನಡುವೆ ನಿಮಗೆ ಮುಜುಗರವಾದೀತೇ, ಹೋಗುವಾಗ ಏನು ಒಯ್ಯಬೇಕು ಎಂಬುದು ನಿಮ್ಮ ಪ್ರಶ್ನೆ. ನಾನೂ ನನ್ನ ಯಜಮಾನರೂ ಇದೇ ಸೇವೆಯನ್ನು ಮಾಡಿ ಬಂದವರು. ನಾವು ಅಲ್ಲಿದ್ದಾಗ ಒಂದು ಕ್ರಿಸ್‌ಮಸ್‌ಗೆ ನನ್ನ ತಂಗಿ ಬಂದಿದ್ದಳು, ಅವಳೂ ನಮ್ಮ ಸಭೆಗೆ ಸೇರಿದವಳಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಗೆ ಅಕ್ಕನ ಸ್ಥಾನದಲ್ಲಿ ನಿಂತು ಉತ್ತರಿಸುತ್ತೇನೆ: ಖಂಡಿತ ಹೋಗಿ. ಆದರೆ ರಜೆ ಕಳೆಯಲು ಹೋಗುತ್ತಿದ್ದೇನೆ ಎಂಬ ಮನಸ್ಸನ್ನು ಊರಲ್ಲೇ ಬಿಟ್ಟು, ಅಕ್ಕನ ಕೆಲಸಕ್ಕೆ ಕೈಜೋಡಿಸಲು ಹೋಗುತ್ತಿದ್ದೇನೆ ಎಂದುಕೊಂಡು ಹೋಗಿ.

ಮೊದಲು ಅವರ ಸೇವೆ ಎಂಥದ್ದು ಎಂದು ತಿಳಿದಿರಲಿ. ಬಿಳಿ ಅಂಗಿ, ಎದೆಯ ಮೇಲೆ ಹೆಸರಿನ ಕಪ್ಪು ಫಲಕ ತೊಟ್ಟು ಇಬ್ಬಿಬ್ಬರಾಗಿ ಓಡಾಡುವ ಹುಡುಗರನ್ನು ನೀವು ಎಲ್ಲಾದರೂ ನೋಡಿರಬಹುದು. ಅವರು ಯುವ ಮಿಷನರಿಗಳು. ಹುಡುಗರು ಇಪ್ಪತ್ತನಾಲ್ಕು ತಿಂಗಳು, ಹುಡುಗಿಯರು ಹದಿನೆಂಟು ತಿಂಗಳು ಸೇವೆ ಸಲ್ಲಿಸುತ್ತಾರೆ. ಸೀನಿಯರ್ ದಂಪತಿಗಳು ಹಾಗೆ ಮನೆಮನೆಗೆ ಹೋಗಿ ಬೋಧಿಸಬೇಕೆಂಬ ನಿರೀಕ್ಷೆ ಇಲ್ಲ, ಯುವ ಮಿಷನರಿಗಳ ಕಟ್ಟುನಿಟ್ಟಿನ ದಿನಚರಿಯೂ ಅವರಿಗೆ ಅನ್ವಯಿಸುವುದಿಲ್ಲ. ಮಿಷನ್ ಕಚೇರಿಯ ಲೆಕ್ಕಪತ್ರ, ಯುವ ಮಿಷನರಿಗಳ ವಾಸದ ಮನೆಗಳ ಉಸ್ತುವಾರಿ, ಪರಿಹಾರ ಕಾರ್ಯ, ವಂಶಾವಳಿ ದಾಖಲೆಗಳ ಸಂರಕ್ಷಣೆ, ಚಿಕ್ಕ ಸಭೆಗಳಿಗೆ ಬೆಂಬಲ ಹೀಗೆ ಬೇರೆ ಬೇರೆ ಹೊಣೆಗಳನ್ನು ಅವರಿಗೆ ಒಪ್ಪಿಸಲಾಗುತ್ತದೆ. ಇದಕ್ಕೆ ಸಂಬಳವಿಲ್ಲ, ಖರ್ಚನ್ನು ಅವರೇ ಭರಿಸುತ್ತಾರೆ. 2011ರಲ್ಲಿ ಸಭೆಯು ನಿಯಮಗಳನ್ನು ಸಡಿಲಿಸಿ, ಆರು ತಿಂಗಳಿಂದ ಇಪ್ಪತ್ತಮೂರು ತಿಂಗಳವರೆಗೆ ಬೇರೆ ಬೇರೆ ಅವಧಿಗಳಿಗೆ ಹೋಗಲು ದಂಪತಿಗಳಿಗೆ ಅವಕಾಶ ಕೊಟ್ಟಿತು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಸೇವೆಗೆ ನಿಂತವರು ಕುಟುಂಬದ ಮುಖ್ಯ ಸಂದರ್ಭಗಳಿಗೆ ಸ್ವಂತ ಖರ್ಚಿನಲ್ಲಿ ಏಳರಿಂದ ಹತ್ತು ದಿನ ಊರಿಗೆ ಬಂದುಹೋಗಬಹುದು ಎಂದೂ ಹೇಳಿತು. ನಾನು ಕಂಡ ದಂಪತಿಗಳೆಲ್ಲ ಆ ಅವಕಾಶವನ್ನು ಮಕ್ಕಳ ಮದುವೆಗೆ, ಮೊಮ್ಮಗುವಿನ ಜನನಕ್ಕೆ ಕಾದಿರಿಸಿಕೊಳ್ಳುತ್ತಿದ್ದರು. ಹಾಗಾಗಿ ಹಬ್ಬಕ್ಕೆ ಅವರು ಊರಿಗೆ ಬರುವುದಕ್ಕಿಂತ ಊರಿನವರು ಅವರ ಬಳಿಗೆ ಹೋಗುವುದೇ ಹೆಚ್ಚು.

ಟಿಕೆಟ್ ತೆಗೆಯುವ ಮುನ್ನ ನಿಮ್ಮ ಅಕ್ಕ-ಭಾವ ಮಿಷನ್ ಅಧ್ಯಕ್ಷರೊಡನೆ (ಆ ಪ್ರದೇಶದ ಮಿಷನರಿಗಳ ಮೇಲ್ವಿಚಾರಕರು) ಮಾತನಾಡಿ, ನೀವು ಬರುವ ತಾರೀಖುಗಳನ್ನು ತಿಳಿಸಿ ಒಪ್ಪಿಗೆ ಪಡೆಯಲಿ. ಇದನ್ನು ಅವರಾಗಿಯೇ ಮಾಡುತ್ತಾರೆ ಎಂದು ಸುಮ್ಮನಿರದೆ ನೀವೇ ಬಾಯಿಬಿಟ್ಟು ಕೇಳಿ. ನಿಮಗೆ ಬೇಸರವಾದೀತೆಂಬ ದಾಕ್ಷಿಣ್ಯಕ್ಕೆ ಅಕ್ಕಂದಿರು ಇಂಥ ಮಾತನ್ನು ಮುಂದೂಡುತ್ತಾರೆ. ಡಿಸೆಂಬರಿನಲ್ಲಿ ಮಿಷನರಿಗಳ ಸಮ್ಮೇಳನ ಯಾವ ದಿನ, ಯಾವ ಊರಿನಲ್ಲಿ, ದಂಪತಿಗಳು ಎಲ್ಲೆಲ್ಲಿಗೆ ಪ್ರಯಾಣ ಮಾಡಬೇಕು ಎಂಬುದು ಅಧ್ಯಕ್ಷರಿಗೆ ಮೊದಲೇ ಗೊತ್ತಿರುತ್ತದೆ. ಆ ದಿನಗಳನ್ನು ನೋಡಿಕೊಂಡು ನಿಮ್ಮ ಪ್ರಯಾಣವನ್ನು ಹೊಂದಿಸಿದರೆ ಅಡ್ಡಿಯ ಪ್ರಶ್ನೆಯೇ ಬಹುಪಾಲು ಇಲ್ಲವಾಗುತ್ತದೆ. ನಿಮ್ಮ ವೀಸಾ, ವಿಮೆ, ಟಿಕೆಟ್ಟಿನ ಖರ್ಚನ್ನು ನೀವೇ ನೋಡಿಕೊಳ್ಳಿ, ಊಟ-ತಿಂಡಿಯ ಖರ್ಚಿಗೂ ಸ್ವಲ್ಪ ಸೇರಿಸಿ. ಅವರು ಕೂಡಿಟ್ಟ ಹಣದಲ್ಲಿ ದಿನ ತೂಗಿಸುತ್ತಿರುತ್ತಾರೆ.

ಇನ್ನು ಡಿಸೆಂಬರ್ ಹೇಗಿರುತ್ತದೆ ಎಂಬುದಕ್ಕೆ ಬರುತ್ತೇನೆ, ಏಕೆಂದರೆ ಹೊರಗಿನವರಿಗೆ ತಿಳಿಯದಿರುವುದು ಇದೇ. ಮಿಕ್ಕವರಿಗೆ ಕೆಲಸ ಬಿಡುವಾಗುವ ಕಾಲದಲ್ಲಿ ಮಿಷನ್ ಕಚೇರಿಯ ದಂಪತಿಗೆ ಉಸಿರಾಡಲು ಬಿಡುವಿರುವುದಿಲ್ಲ. ಯುವ ಮಿಷನರಿಗಳ ವರ್ಗಾವಣೆ ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ನಡೆಯುತ್ತದೆ. ಯಾರು ಯಾವಾಗ ಯಾವ ಊರಿನಲ್ಲಿರುತ್ತಾರೆ ಎಂದು ತಂದೆತಾಯಿಗೆ ಖಚಿತವಿಲ್ಲದ ಕಾರಣ ಹಬ್ಬದ ಪಾರ್ಸಲ್‌ಗಳನ್ನೆಲ್ಲ ಮಿಷನ್ ಕಚೇರಿಯ ವಿಳಾಸಕ್ಕೇ ಕಳುಹಿಸುತ್ತಾರೆ. ಅವುಗಳನ್ನು ಕಸ್ಟಮ್ಸ್‌ನಿಂದ ಬಿಡಿಸಿ ತರುವುದು, ಹೆಸರು ನೋಡಿ ಊರುವಾರು ವಿಂಗಡಿಸುವುದು, ಸಮ್ಮೇಳನದ ದಿನಕ್ಕೆ ತಲುಪಿಸುವುದು ಎಲ್ಲವೂ ದಂಪತಿಯ ಪಾಲಿಗೆ ಬರುತ್ತದೆ. ನಮ್ಮ ಕಚೇರಿಯ ಒಂದು ಗೋಡೆಯ ಉದ್ದಕ್ಕೂ ಪೆಟ್ಟಿಗೆಗಳು ಎದೆಮಟ್ಟಕ್ಕೆ ಬೆಳೆದಿದ್ದವು. ನನ್ನ ಯಜಮಾನರು ನೆಲದ ಮೇಲೆ ಕುಳಿತು ದಪ್ಪ ಪೆನ್ನಿನಿಂದ ಒಂದೊಂದರ ಮೇಲೂ ವಲಯದ ಹೆಸರು ಬರೆಯುತ್ತಿದ್ದರು.

ನನ್ನ ತಂಗಿ ಬಂದದ್ದು ಈ ಗದ್ದಲದ ನಡುವೆ. ನಿವೃತ್ತಿಯ ನಂತರ ನಾನು ಮೊಮ್ಮಕ್ಕಳೊಡನೆ ಮನೆಯಲ್ಲಿರದೆ ಪರದೇಶಕ್ಕೆ ಹೊರಟದ್ದು ಅವಳಿಗೆ ಸರಿಯೆನಿಸಿರಲಿಲ್ಲ, ಅದನ್ನು ಅವಳು ಮುಚ್ಚಿಟ್ಟಿರಲೂ ಇಲ್ಲ. ಮೊದಲ ದಿನ ಕಚೇರಿಯಲ್ಲಿ ಒಂದು ಕುರ್ಚಿಯ ಮೇಲೆ ಕುಳಿತು ನಮ್ಮನ್ನು ನೋಡುತ್ತಿದ್ದಳು. ಮರುದಿನ ಮೇಜಿನ ಮೇಲಿದ್ದ ಹೆಸರುಪಟ್ಟಿಯನ್ನು ಕೈಗೆತ್ತಿಕೊಂಡು, ಕೆಲವು ಹೆಸರುಗಳ ಮುಂದೆ ಏಕೆ ಗುರುತಿಲ್ಲ ಎಂದು ಕೇಳಿದಳು. ಅವರಿಗೆ ಪಾರ್ಸಲ್ ಬಂದಿಲ್ಲ, ಕೆಲವರ ಮನೆಯಲ್ಲಿ ಕಳುಹಿಸುವ ಶಕ್ತಿ ಇಲ್ಲ, ಕೆಲವರು ಮನೆಯವರ ಮನಸ್ಸಿಗೆ ವಿರುದ್ಧವಾಗಿ ಬಂದವರು ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಶಾಲೆಯಲ್ಲಿ ಪಾಠ ಹೇಳಿದವಳು, ಅಕ್ಷರ ದುಂಡಗೆ. ಆ ಸಂಜೆಯಿಂದ ಗುರುತಿಲ್ಲದ ಹೆಸರುಗಳಿಗೆಲ್ಲ ಒಂದೊಂದು ಕಾರ್ಡು ಬರೆಯಲು ಕುಳಿತಳು. ಈ ಹುಡುಗ ಯಾವ ಊರಿನವನು, ಮನೆಯಲ್ಲಿ ಯಾರ್ಯಾರಿದ್ದಾರೆ, ಏನು ಓದುತ್ತಿದ್ದ ಎಂದು ಪ್ರತಿಯೊಬ್ಬರ ಬಗೆಗೂ ನನ್ನನ್ನು ಕೇಳಿ ತಿಳಿದುಕೊಂಡು, ಒಂದೇ ವಾಕ್ಯವನ್ನು ಎಲ್ಲರಿಗೂ ಬರೆಯದೆ, ಅವರವರಿಗೆ ತಕ್ಕಂತೆ ಬರೆದಳು. ನಾವು ಸಿದ್ಧಪಡಿಸಿದ್ದ ಚಿಕ್ಕ ಪೊಟ್ಟಣಗಳ ಜೊತೆ ಆ ಕಾರ್ಡುಗಳೂ ಹೋದವು. ಅವಳು ನಮ್ಮ ಸಭೆಗೆ ಸೇರಲಿಲ್ಲ, ಸೇರಬೇಕೆಂದು ನಾನು ಒತ್ತಾಯಿಸಿದವಳೂ ಅಲ್ಲ. ಆದರೆ ನಾನು ಅಲ್ಲಿ ಏಕಿದ್ದೇನೆ ಎಂದು ಅವಳು ಮತ್ತೆ ಕೇಳಲಿಲ್ಲ. ಫೋನಿನಲ್ಲಿ ಎಷ್ಟು ವಿವರಿಸಿದ್ದರೂ ಅದು ಆಗುತ್ತಿರಲಿಲ್ಲ.

ಇಪ್ಪತ್ತನಾಲ್ಕು ತಿಂಗಳ ಸೇವೆಯೆಂದರೆ ಎರಡು ಕ್ರಿಸ್‌ಮಸ್‌ಗಳು ಮನೆಯಿಂದ ದೂರ ಎಂದರ್ಥ. ಆ ಮಕ್ಕಳಲ್ಲಿ ಅನೇಕರಿಗೆ ಹದಿನೆಂಟು, ಹತ್ತೊಂಬತ್ತರ ವಯಸ್ಸು. ಹಿಂದೆ ಅವರು ಮನೆಗೆ ಫೋನು ಮಾಡಲು ವರ್ಷದಲ್ಲಿ ಕ್ರಿಸ್‌ಮಸ್ ಮತ್ತು ತಾಯಂದಿರ ದಿನ ಮಾತ್ರ ಅವಕಾಶವಿತ್ತು. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಕರೆ ಅಥವಾ ವೀಡಿಯೊ ಕರೆ ಮಾಡಬಹುದು. ಇದು ಬಹಳ ಒಳ್ಳೆಯ ಬದಲಾವಣೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಹಬ್ಬದ ದಿನದ ಕರೆ ಬೇರೆಯೇ. ನಮ್ಮ ಮನೆಯಲ್ಲಿ ಇಂಟರ್‌ನೆಟ್ ಚೆನ್ನಾಗಿದ್ದುದರಿಂದ ಹತ್ತಿರದ ಊರುಗಳ ಎಲ್ಡರ್‌ಗಳೂ ಸಿಸ್ಟರ್‌ಗಳೂ (ಹುಡುಗರನ್ನು, ಹುಡುಗಿಯರನ್ನು ಹಾಗೆ ಕರೆಯುತ್ತಾರೆ) ಸರದಿಯಂತೆ ಬರುತ್ತಿದ್ದರು. ಒಬ್ಬ ಒಳಕೋಣೆಯಲ್ಲಿ ಮಾತನಾಡುವಾಗ ಅವನ ಜೊತೆಗಾರ ಬಾಗಿಲು ತೆರೆದಿಟ್ಟು ಕಣ್ಣಳತೆಯಲ್ಲೇ ಕುಳಿತಿರುತ್ತಾನೆ, ಏಕೆಂದರೆ ಜೊತೆಗಾರರು ಒಬ್ಬರನ್ನೊಬ್ಬರು ಬಿಟ್ಟಿರುವಂತಿಲ್ಲ. ಒಬ್ಬ ಎಲ್ಡರ್ ನಗುನಗುತ್ತಾ ಮಾತು ಮುಗಿಸಿ, ಪರದೆ ಆರಿದೊಡನೆ ಎದ್ದು ನೇರವಾಗಿ ಅಡುಗೆಮನೆಗೆ ಬಂದು, ಯಾರೂ ಹೇಳದಿದ್ದರೂ ತೊಟ್ಟಿಯಲ್ಲಿದ್ದ ಪಾತ್ರೆಗಳನ್ನು ತೊಳೆಯತೊಡಗಿದ. ಮುಖ ತಿರುಗಿಸಿಯೇ ನಿಂತಿದ್ದ. ನನ್ನ ತಂಗಿ ಏನೂ ಮಾತನಾಡಿಸದೆ ಪಕ್ಕದಲ್ಲಿ ನಿಂತು ಅವನು ತೊಳೆದದ್ದನ್ನು ಒರೆಸಿ ಜೋಡಿಸಿದಳು. ಪಾತ್ರೆ ಮುಗಿಯುವ ಹೊತ್ತಿಗೆ ಅವನು ತನ್ನ ಚಿಕ್ಕ ತಮ್ಮನ ಬಗ್ಗೆ ಹೇಳುತ್ತಿದ್ದ. ನಾನಾಗಿದ್ದರೆ ಸಮಾಧಾನ ಹೇಳಲು ಹೋಗುತ್ತಿದ್ದೆನೇನೋ. ಬಂದ ನೆಂಟರು ಮಿಷನ್ನಿನವರಲ್ಲದೆ ಇರುವುದರಿಂದಲೇ ಆಗುವ ಉಪಕಾರ ಇದು: ಆ ಮಕ್ಕಳಿಗೆ ನೀವು ಮೇಲಧಿಕಾರಿಯಲ್ಲ, ವರದಿ ಕೇಳುವವರಲ್ಲ, ಕೇವಲ ಯಾರದೋ ಮನೆಯ ಚಿಕ್ಕಮ್ಮ.

ಕಟ್ಟುಪಾಡುಗಳ ಬಗ್ಗೆ ನೀವು ತುಂಬ ಯೋಚಿಸಬೇಕಾಗಿಲ್ಲ. ನಮ್ಮ ಸಭೆಯವರು ಕಾಫಿ, ಟೀ, ಮದ್ಯ, ತಂಬಾಕುಗಳನ್ನು ಬಳಸುವುದಿಲ್ಲ, ಆದ್ದರಿಂದ ಅಕ್ಕನ ಮನೆಯಲ್ಲಿ ಅವು ಸಿಗುವುದಿಲ್ಲ. ಬೆಳಗಿನ ಕಾಫಿ ಇಲ್ಲದೆ ಆಗದು ಎಂದರೆ ಹೊರಗೆ ಕುಡಿದು ಬನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಊಟಕ್ಕೆ ಮುಂಚೆ, ಮಲಗುವ ಮುಂಚೆ ಪ್ರಾರ್ಥನೆ ಇರುತ್ತದೆ, ತಲೆಬಾಗಿಸಿ ಜೊತೆಯಲ್ಲಿದ್ದರೆ ಸಾಕು. ತಿಂಗಳ ಮೊದಲ ಭಾನುವಾರ ಸಾಮಾನ್ಯವಾಗಿ ಉಪವಾಸ. ನಿಮ್ಮ ಮೇಲೆ ಅದರ ಕಡ್ಡಾಯವಿಲ್ಲ. ಭಾನುವಾರದ ಆರಾಧನೆಗೆ ಯಾರು ಬೇಕಾದರೂ ಬರಬಹುದು, ಡಿಸೆಂಬರಿನಲ್ಲಿ ಹಾಡುಗಾರಿಕೆ ಹೆಚ್ಚು, ಅದಕ್ಕಾದರೂ ಒಮ್ಮೆ ಹೋಗಿ. ಒಂದು ವಿಷಯವನ್ನು ಮಾತ್ರ ಮರೆಯಬೇಡಿ: ಮನೆಯಲ್ಲಿ ನೀವೊಬ್ಬರೇ ಇರುವಾಗ ಎಲ್ಡರ್‌ಗಳು ಬಾಗಿಲು ತಟ್ಟಿದರೆ ಒಳಗೆ ಕರೆಯಬೇಡಿ. ಹೆಂಗಸರು ಮಾತ್ರ ಇರುವ ಮನೆಯೊಳಗೆ ಅವರು ಬರುವಂತಿಲ್ಲ. ನಮ್ಮ ಸಂಸ್ಕಾರಕ್ಕೆ ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಮಾತನಾಡಿಸುವುದು ಕಷ್ಟವೆನಿಸುತ್ತದೆ, ಆದರೆ ನೀವು ಒತ್ತಾಯಿಸಿದರೆ ಇಕ್ಕಟ್ಟಿಗೆ ಸಿಕ್ಕುವವರು ಆ ಹುಡುಗರು. ರಾತ್ರಿಯೂ ಅವರನ್ನು ತಡೆದು ಕೂರಿಸಬೇಡಿ, ಒಂಬತ್ತು, ಒಂಬತ್ತೂವರೆಯೊಳಗೆ ಅವರು ತಮ್ಮ ಮನೆ ಸೇರಬೇಕು.

ನಿಮಗೂ ಅಕ್ಕನಿಗೂ ಮಾತ್ರವೇ ಸೇರಿದ ಸಮಯ ಬೇಡವೇ ಎಂದರೆ, ಬೇಕೇ ಬೇಕು. ಅದನ್ನು ಇಪ್ಪತ್ತೈದರ ನಂತರಕ್ಕೆ ಇಟ್ಟುಕೊಳ್ಳಿ. ಹಬ್ಬಕ್ಕೆ ಒಂದು ವಾರ ಮೊದಲು ತಲುಪಿ, ಹೊಸ ವರ್ಷದ ಹೊತ್ತಿಗೆ ಹಿಂದಿರುಗುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಲೆಕ್ಕ. ಹಬ್ಬ ಮುಗಿದ ಮೇಲೆ ಬಂದರೆ ಅವರಿಗೆ ಬಿಡುವು ಹೆಚ್ಚಿರುತ್ತದೆ ಎಂದು ಕೆಲವರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಆಗ ನೀವು ನೋಡುವುದು ದಣಿದ ಇಬ್ಬರನ್ನು ಮಾತ್ರ, ಅವರು ಯಾವುದಕ್ಕೆ ದಣಿದರು ಎಂಬುದನ್ನಲ್ಲ. ಇಪ್ಪತ್ತಾರರಿಂದ ಕಚೇರಿಯ ಒತ್ತಡ ಇಳಿಯುತ್ತದೆ. ಆಗ ಊರು ನೋಡಿ, ನಡೆದಾಡಿ, ಊರಿನ ನೆಂಟರಿಷ್ಟರ ಸುದ್ದಿಯನ್ನೆಲ್ಲ ಸಾವಧಾನವಾಗಿ ಹೇಳಿ. ಅಕ್ಕ ತನ್ನ ಆರೋಗ್ಯದ ಬಗ್ಗೆ ಫೋನಿನಲ್ಲಿ ಹೇಳದಿದ್ದ ಸಂಗತಿಗಳಿದ್ದರೆ ಅವೂ ಆಗಲೇ ಹೊರಬರುತ್ತವೆ. ಮೊಣಕಾಲು ನೋವು, ಕಣ್ಣಿನ ಪರೀಕ್ಷೆ, ಮಾತ್ರೆ ಮುಗಿಯುತ್ತಾ ಬಂದಿರುವುದು, ಇವನ್ನೆಲ್ಲ ಮಕ್ಕಳಿಗೆ ಹೇಳಲು ಹಿಂಜರಿಯುವವರು ತಂಗಿಗೆ ಹೇಳುತ್ತಾರೆ. ಕೇಳಿ ತಿಳಿದುಕೊಂಡು ಮನೆಯವರಿಗೆ ತಿಳಿಸುವುದು ನಿಮ್ಮ ಭೇಟಿಯ ಒಂದು ಮುಖ್ಯ ಕೆಲಸವೆಂದೇ ನಾನು ಎಣಿಸುತ್ತೇನೆ. ಭಾವನವರನ್ನೂ ಬೇರೆಯಾಗಿ ಕೇಳಿ. ಒಬ್ಬರ ನೋವನ್ನು ಇನ್ನೊಬ್ಬರು ಹೆಚ್ಚು ನಿಖರವಾಗಿ ಹೇಳುತ್ತಾರೆ.

ಉಡುಗೊರೆಯ ವಿಷಯದಲ್ಲಿ ಭಾರದ ವಸ್ತುಗಳನ್ನೂ ಅಲಂಕಾರದ ಸಾಮಾನುಗಳನ್ನೂ ಒಯ್ಯಬೇಡಿ. ಅವರು ಬಾಡಿಗೆ ಮನೆಯಲ್ಲಿ ತಾತ್ಕಾಲಿಕವಾಗಿ ಇರುವವರು, ಸೇವೆ ಮುಗಿದಾಗ ಎಲ್ಲವನ್ನೂ ಮತ್ತೆ ಪೆಟ್ಟಿಗೆಗೆ ತುಂಬಬೇಕು. ಮೊಮ್ಮಕ್ಕಳ ಕೈಬರಹದ ಪತ್ರಗಳು, ಅಚ್ಚು ಹಾಕಿಸಿದ ಫೋಟೊಗಳು, ಅವರು ಊರಿನಲ್ಲಿ ತೆಗೆದುಕೊಳ್ಳುತ್ತಿದ್ದ ಔಷಧಿ ವೈದ್ಯರ ಚೀಟಿಯೊಂದಿಗೆ, ಅಕ್ಕ ಕೇಳಿದ ಒಂದೆರಡು ಸಣ್ಣ ವಸ್ತುಗಳು, ಇಷ್ಟಾದರೆ ಸಾಕು. ಪೆಟ್ಟಿಗೆಯಲ್ಲಿ ಉಳಿಯುವ ಜಾಗಕ್ಕೆ ಏನು ತುಂಬಬೇಕೆಂದು ಅಕ್ಕನನ್ನೇ ಕೇಳಿ, ಪಾರ್ಸಲ್ ಬಾರದ ಮಕ್ಕಳಿಗೆ ಕಾಲುಚೀಲ, ಟೈ, ಪೆನ್ನಿನಂಥವು ಬೇಕಾಗಿರುತ್ತವೆ. ಅದಕ್ಕಾಗಿ ನವೆಂಬರಿನಲ್ಲೇ ಕೇಳಿಟ್ಟುಕೊಳ್ಳಿ, ಡಿಸೆಂಬರಿನಲ್ಲಿ ಫೋನು ಮಾಡಿದರೆ ಪಟ್ಟಿ ಬರೆದು ಕಳುಹಿಸಲು ಅವರಿಗೆ ಪುರುಸೊತ್ತಿರುವುದಿಲ್ಲ.