ಸಿ ಲ್ಯಾಬ್: ಮೊದಲು ಕರೆಂಟ್ ಬಿಲ್ ಪ್ರೋಗ್ರಾಂ ಹಿಡಿ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮೊದಲ ವರ್ಷ, ಸಿ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ಶುರುವಾಗಿದೆ, ಬೋರ್ಡ್ ಮೇಲಿನ ಪ್ರೋಗ್ರಾಂ ಅರ್ಥವಾಗುತ್ತದೆ, ಆದರೆ ನೀನೇ ಬರೆಯಲು ಕೂತರೆ ಮೊದಲ ಸಾಲೇ ಹೊಳೆಯಲ್ಲ ಅಂತ ಕೇಳಿದ್ದೀಯಲ್ಲಮ್ಮಾ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಇದೇ ಲ್ಯಾಬ್ ಮಾಡಿಸುವವನು ನಾನು. ಲೆಕ್ಕವನ್ನು ಪೇಪರ್ ಮೇಲೆ ಮಾಡುವ ಮೊದಲೇ ಕೀಬೋರ್ಡ್ ಮುಟ್ಟುವವರಿಗೆ ಹೀಗಾಗುವುದು ಜಾಸ್ತಿ.

2022ರ ಸ್ಕೀಮ್‌ನ (ಪಠ್ಯಕ್ರಮದ) ಲ್ಯಾಬ್ ಪ್ರೋಗ್ರಾಂ ಪಟ್ಟಿಯಲ್ಲಿ ಮೊದಲು ಕ್ಯಾಲ್ಕುಲೇಟರ್, ಆಮೇಲೆ ವರ್ಗ ಸಮೀಕರಣ, ಮೂರನೆಯದು ಕರೆಂಟ್ ಬಿಲ್. ನೀನು ಬಿಲ್ಲನ್ನೇ ಮೊದಲು ಹಿಡಿ. ಪ್ರಶ್ನೆಯಲ್ಲಿ ಕೊಟ್ಟ ದರ ಹೀಗಿದೆ: ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100ಕ್ಕೆ ತಲಾ 90 ಪೈಸೆ, 300 ದಾಟಿದ ಪ್ರತಿ ಯೂನಿಟ್‌ಗೆ 1 ರೂಪಾಯಿ. ಜೊತೆಗೆ ಮೀಟರ್ ಚಾರ್ಜ್ 100 ರೂಪಾಯಿ. ಒಟ್ಟು 400 ರೂಪಾಯಿಗಿಂತ ಜಾಸ್ತಿಯಾದರೆ ಆ ಒಟ್ಟಿನ ಮೇಲೆ ಶೇ. 15 ಸರ್‌ಚಾರ್ಜ್.

ಈಗ ಲ್ಯಾಪ್‌ಟಾಪ್ ಮುಚ್ಚಿಟ್ಟು 250 ಯೂನಿಟ್ ಬಿಲ್ ಕೈಯಲ್ಲೇ ಹಾಕು. ತುಂಬಾ ಜನ 250ನ್ನೂ 90 ಪೈಸೆಯಿಂದಲೇ ಗುಣಿಸಿ 225 ಅನ್ನುತ್ತಾರೆ. ಅದು ತಪ್ಪು. ಮೊದಲ 200ಕ್ಕೆ 160, ಉಳಿದ 50ಕ್ಕೆ 45, ಸೇರಿ 205. ಮೀಟರ್ ಚಾರ್ಜ್ ಸೇರಿಸಿದರೆ 305. ಕೈಲೆಕ್ಕದಲ್ಲಿ 200ನ್ನು ಕಳೆದೆಯಲ್ಲಾ, ಅದೇ ಪ್ರೋಗ್ರಾಂನ ಒಂದು ಸಾಲು.

ಆಮೇಲೆ 0, 200, 300, 350, 351 ಯೂನಿಟ್‌ಗಳಿಗೂ ಬಿಲ್ ಹಾಕಿ ಒಂದು ಟೇಬಲ್ ಮಾಡು. ನನಗೆ ಇಷ್ಟವಾದ ಜಾಗ 350. ಅಲ್ಲಿ ಒಟ್ಟು ಸರಿಯಾಗಿ 400 ಬರುತ್ತದೆ. 400ಕ್ಕಿಂತ ಜಾಸ್ತಿ ಅಲ್ಲವಲ್ಲ, ಹಾಗಾಗಿ ಸರ್‌ಚಾರ್ಜ್ ಇಲ್ಲ. 351ಕ್ಕೆ 401 ಆಗಿ, ಸರ್‌ಚಾರ್ಜ್ ಸೇರಿ 461.15. > ಬದಲು >= (ಅಂದರೆ 'ಜಾಸ್ತಿ' ಬದಲು 'ಜಾಸ್ತಿ ಅಥವಾ ಸಮ') ಬರೆದರೆ 350ರ ಬಿಲ್ 460 ಆಗಿಬಿಡುತ್ತದೆ, ಕಂಪೈಲರ್ (ಕೋಡನ್ನು ಕಂಪ್ಯೂಟರ್ ಭಾಷೆಗೆ ಬದಲಿಸುವ ಸಾಫ್ಟ್‌ವೇರ್) ಒಂದು ಮಾತೂ ಹೇಳುವುದಿಲ್ಲ. ಅದನ್ನು ಹಿಡಿಯುವುದು ನಿನ್ನ ಟೇಬಲ್ ಮಾತ್ರ.

ಟೇಬಲ್ ಆದಮೇಲೆ ಫ್ಲೋಚಾರ್ಟ್ (ಹಂತಗಳನ್ನು ತೋರಿಸುವ ಚಿತ್ರ), ಅದಾದಮೇಲೆ ಕೋಡ್. ಒಂದೇ ಸಲ ಪೂರ್ತಿ ಬರೆಯಬೇಡ. ಯೂನಿಟ್ ಓದಿಸಿ, ಅದನ್ನೇ ಪ್ರಿಂಟ್ ಮಾಡಿಸಿ ರನ್ ಮಾಡು. ನಂತರ ಒಂದು ಸ್ಲ್ಯಾಬ್ (ಒಂದು ದರದ ಹಂತ) ಸೇರಿಸು, ಮತ್ತೆ ರನ್ ಮಾಡು. ಯೂನಿಟ್ ಓದಿಸುವ ಸ್ಕ್ಯಾನ್‌ಎಫ್‌ (scanf) ಸಾಲಿನಲ್ಲಿ & ಮರೆಯಬೇಡ. ಪೈಸೆಯನ್ನು ರೂಪಾಯಿ ಮಾಡಲು 80/100 ಅಂತ ಬರೆದರೆ ಸಿಯಲ್ಲಿ 0 ಬರುತ್ತದೆ, ಎರಡೂ ಪೂರ್ಣಾಂಕ ಅಲ್ವಾ? 0.80 ಅಂತಲೇ ಬರೆ. ಎರರ್ ರಾಶಿ ಬಂದರೆ ಗಾಬರಿ ಬೇಡ. ಒಂದು ಸೆಮಿಕೋಲನ್ ಬಿಟ್ಟುಹೋದರೂ ಹಾಗಾಗಬಹುದು. ಎಲ್ಲಕ್ಕಿಂತ ಮೇಲಿನ ಎರರ್ ಒಂದನ್ನೇ ಸರಿಮಾಡಿ ಮತ್ತೆ ಕಂಪೈಲ್ ಮಾಡು. ಅದು ತೋರಿಸಿದ ಸಾಲಿನ ಹಿಂದಿನ ಸಾಲನ್ನೂ ನೋಡು.

ಲ್ಯಾಪ್‌ಟಾಪ್ ಇಲ್ಲದಿದ್ದರೆ ಫೋನ್‌ನಲ್ಲಿ ಆನ್‌ಲೈನ್ ಕಂಪೈಲರ್ ಸಾಕು, ಅದಕ್ಕಾಗಿ ಸಾಲ ಮಾಡಬೇಡಿ. ಸೀನಿಯರ್‌ಗಳ ರೆಕಾರ್ಡ್ ಬುಕ್ ಮಾತ್ರ ಈಗಲೇ ತೆರೆಯಬೇಡ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) "ಇಲ್ಲಿ >= ಯಾಕೆ ಬೇಡ?" ಅಂದರೆ ನಕಲು ಮಾಡಿದವರ ಹತ್ತಿರ ಉತ್ತರ ಇರುವುದಿಲ್ಲ.

ಬಿಲ್ ಸರಿ ಬಂದಮೇಲೆ ವರ್ಗ ಸಮೀಕರಣಕ್ಕೆ ಹೋಗು. ಅಲ್ಲೂ ಮೊದಲು ಟೇಬಲ್: ಶೋಧಕ (b² − 4ac) ಸೊನ್ನೆಗಿಂತ ಜಾಸ್ತಿ, ಸೊನ್ನೆ, ಸೊನ್ನೆಗಿಂತ ಕಡಿಮೆ. ಮೊದಲ ಸಹಗುಣಕವೇ (a) ಸೊನ್ನೆ ಆದರೆ ಏನು ಮಾಡಬೇಕು ಅಂತಲೂ ಯೋಚಿಸು. ಟೇಬಲ್ ಫೋಟೋ ಇಲ್ಲೇ ಹಾಕು, ರಾತ್ರಿ ನೋಡಿ ಹೇಳುತ್ತೇನೆ.